ಹತ್ತಿಯಲ್ಲಿ ಹೊಲಿದ ಇಂದ್ರಾಣಿಯ ವೇಷ

ವೈನಿ,

ನಿಮ್ಮ ನಾದಿನಿ ಬರೆಯುತ್ತಿದ್ದೇನೆ. ನನ್ನ ಮೇಲೆ ನೀವು ಒಮ್ಮೆಯೂ ಸಿಟ್ಟಾಗಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಿಪ್ಪಾಣಿಯ ನಮ್ಮ ಮನೆಗೆ ಬಂದಾಗಲೆಲ್ಲ ಹಳೆಯ ಕ್ಯಾಲೆಂಡರುಗಳನ್ನು ತಿರುವಿ ನೋಡುತ್ತಿದ್ದಿರಿ. ಹಿಂಬದಿಯಲ್ಲೆಲ್ಲ ನಾನು ಚಿತ್ರ ಬಿಡಿಸಿದ ಹಿಂದಿನ ಕಾಲದ ರಾಣಿಯರು, ದಂಡನಾಯಕರು. ಬಸದಿಯ ಕಂಬದಲ್ಲಿ ಕಂಡ ನೆರಿಗೆಯನ್ನು ಬಟ್ಟೆಯಲ್ಲಿ ಹೇಗೆ ತರುವುದು ಎಂಬುದೇ ನನ್ನ ಹುಚ್ಚು. ಹೊಲಿದು ಮುಗಿಸಿದ್ದು ಮಾತ್ರ ಕಡಿಮೆ. "ಎಲ್ಲಾರಿಗೂ ಕಾಗದದ ಮ್ಯಾಲ ಅರಬಿ ತೊಡಸ್ತಿ ಬೇ, ನನಗೊಂದರ ಖರೇ ಹೊಲದ ಕೊಡ" ಎಂದು ನಗುತ್ತಿದ್ದಿರಿ.

ಶಿರಗುಪ್ಪಿಯ ಬಸದಿಯಲ್ಲಿ ಪಂಚಕಲ್ಯಾಣ ಉತ್ಸವ ನಡೆದ ವರ್ಷ, ತೀರ್ಥಂಕರನ ಹುಟ್ಟನ್ನು ಆಡಿ ತೋರಿಸಲು ಅಣ್ಣ ಇಂದ್ರ, ನೀವು ಇಂದ್ರಾಣಿ ಎಂದು ಗೊತ್ತಾಗಿತ್ತು. ಹುಟ್ಟಿದ ತೀರ್ಥಂಕರನನ್ನು ಮೊದಲು ಎತ್ತಿಕೊಳ್ಳುವ ಪುಣ್ಯ ಇಂದ್ರಾಣಿಯದು. ಎಷ್ಟು ಹಿಗ್ಗಿದ್ದಿರಿ! ವೇಷಕ್ಕೆಂದು ನಾನು ಮಿರಜಿನಿಂದ ರೇಷ್ಮೆ ತಂದೆ. ನೀವು ಮುಟ್ಟಲಿಲ್ಲ. "ಹುಳಾ ಕುದಿಸಿ ತಗದ ನೂಲದು. ಮುನಿ ಮಹಾರಾಜರ ಮುಂದ ವ್ರತಾ ಹಿಡದ ರೇಷ್ಮಿ ಬಿಟ್ಟೇನಿ. ಹತ್ತ್ಯಾಗ ಹೊಲಿಯಾಕ ಬರೂದಿಲ್ಲೇನ?"

ಬರುತ್ತಿತ್ತೇನೋ, ವೈನಿ. ನಾನು ಪ್ರಯತ್ನಿಸಲೇ ಇಲ್ಲ. ನಾನು ಬಿಡಿಸಿಟ್ಟ ವೇಷದ ಚಿತ್ರ ಹತ್ತಿಯಲ್ಲಿ ಕೆಡುತ್ತದೆಂಬ ಹಟ. "ಹತ್ತಿ ಉಟಗೊಂಡು ಇಂದ್ರಾಣಿ ಏನ್ ಗೋದಿ ಹಸನ ಮಾಡಾಕ ಹೊಂಟಾಳೇನ್ರಿ?" ಎಂದುಬಿಟ್ಟೆ, ನಾಲ್ಕು ಜನರ ಎದುರು. ನೀವು ಎದ್ದು ಒಳಗೆ ಹೋದಿರಿ. ಮರುದಿನವೇ ಅಣ್ಣ ಆ ಪಾತ್ರಗಳನ್ನು ಬೇರೆ ದಂಪತಿಗೆ ಬಿಟ್ಟುಕೊಟ್ಟ. ಉತ್ಸವದಲ್ಲಿ ನೀವು ಹೆಂಗಸರ ನಡುವೆ ಕೂತು, ಇನ್ನೊಬ್ಬಳ ಕೈಯಲ್ಲಿದ್ದ ಬಾಲಮೂರ್ತಿಗೆ ಕೈ ಮುಗಿದಿರಿ. ಆ ಮುಖ ನೆನೆದರೆ... ಇರಲಿ. ಮುಂದಿನ ಸಲ ಹೊಲಿದುಕೊಟ್ಟರಾಯಿತು ಎಂದುಕೊಂಡೆ. ನಿಮಗೆ ಮುಂದಿನ ಸಲ ಇಲ್ಲವೆಂದು ನನಗೇನು ಗೊತ್ತಿತ್ತು?

ಮೊನ್ನೆ ಕಾಗವಾಡದ ಪಂಚಕಲ್ಯಾಣದಲ್ಲಿ ನಿಮ್ಮ ಮಗಳು ಸುನಂದಾ ಇಂದ್ರಾಣಿಯಾದಳು. ಅವಳಿಗೆ ಅಂಥ ವ್ರತವಿಲ್ಲ, ರೇಷ್ಮೆ ಸಾಕು ಎಂದಳು. ನಾನೇ ಬಿಡಲಿಲ್ಲ. ತೆಳು ಹತ್ತಿಯ ಮಲಮಲ್ ತಂದು, ಗಂಜಿ ಹಾಕಿ, ಒದ್ದೆಯಿರುವಾಗಲೇ ಸಣ್ಣ ನೆರಿಗೆ ಹಿಡಿದು, ಹಗ್ಗದಂತೆ ಹಿಂಡಿ ಒಣಗಿಸಿದೆ. ಬಿಚ್ಚಿದಾಗ ಬಸದಿಯ ಕಂಬದ ನೆರಿಗೆಯೇ ಬಂದಿತ್ತು. ಹೆಂಗಸರೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಸುನಂದಾ ಕನ್ನಡಿಯೆದುರು ನಿಂತು ಒಂದೊಂದೇ ನೆರಿಗೆಯನ್ನು ಸವರಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅತ್ತಿ, ಹತ್ತ್ಯಾಗ ಇಷ್ಟ ಚಂದ ಬರತೈತಂದ್ರ, ಅವ್ವಗ ಯಾಕ ಹೊಲದ ಕೊಡಲಿಲ್ರಿ?"

ನಾನು ಅವಳ ಸೆರಗು ಸರಿಮಾಡುತ್ತಲೇ ಇದ್ದೆ. ಅದು ಸರಿಯಾಗಿಯೇ ಇತ್ತು, ವೈನಿ.