ಹಾರ್ಲನ್‌ಗೆ ಏನೂ ಆಗುವುದಿಲ್ಲವಂತೆ

ಲೆವಿಟ್ ಫ್ಲ್ಯಾಟ್, ಟೆಕ್ಸಾಸ್
ಬುಧವಾರ, ನವೆಂಬರ್ 6, 1996

ಪ್ರೀತಿಯ ಮಗ ರಾಯ್ಸ್‌ಗೆ,

ಹೇಗಿದ್ದೀಯಪ್ಪಾ? ಕೆಮ್ಮು ಹೋಯಿತೇ? ಸಮುದ್ರದ ನಡುವೆ ಎಣ್ಣೆ ಬಾವಿಯ ಕಬ್ಬಿಣದ ಅಟ್ಟದ ಮೇಲೆ ನಿಂತು ಗಾಳಿ ಕುಡಿಯುವವನು ಬೆಚ್ಚಗೆ ಹಾಕಿಕೊಳ್ಳಬೇಕು ಎಂದು ಎಷ್ಟು ಸಲ ಹೇಳಲಿ. ನನ್ನ ಸಕ್ಕರೆ ಕಾಯಿಲೆ ಇದ್ದ ಹಾಗೇ ಇದೆ. ಹಿತ್ತಲ ಪೀಕನ್ ಮರ ಈ ಸಲ ಚೆನ್ನಾಗಿ ಕಾಯಿ ಬಿಟ್ಟಿದೆ, ಕಾಗೆಗಳಿಗೆ ಹಬ್ಬ.

ನಮ್ಮ ಶಾಲೆಯ ಫುಟ್‌ಬಾಲ್ ತಂಡ ಗೆದ್ದು ಮುಂದಿನ ಸುತ್ತಿಗೆ ಹೋಗಿದೆ. ಈ ಶುಕ್ರವಾರ ಆಟವಿಲ್ಲ, ಮುಂದಿನ ವಾರ ಹದಿನೈದರ ಶುಕ್ರವಾರ ದೊಡ್ಡ ಆಟ. ನಿನ್ನ ಕಿರಿಯವನು ಟಕರ್ ನಿನ್ನ ಹಾಗೆಯೇ ಕಡ್ಡಿ ಪೈಲ್ವಾನ. ಅವನು ಚೆಂಡು ಅವುಚಿಕೊಂಡು ಓಡಿದರೆ ಇಡೀ ಊರು ಉಸಿರು ಬಿಗಿಹಿಡಿಯುತ್ತದೆ. "ಇಷ್ಟು ಸಣ್ಣ ಮೈ, ಒಂದಿನ ಲಟಕ್ ಅನ್ನತ್ತೆ ನೋಡ್ತಿರಿ" ಎಂದು ಕ್ಷೌರದಂಗಡಿಯಲ್ಲಿ ಕೂತವರದು ದಿನಾ ಅದೇ ಪುರಾಣ. ಗುರುವಾರ ಚರ್ಚಿನ ಊಟದಲ್ಲಿ ಪಾದ್ರಿಗಳು ಅವನ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ. ಅವನೋ, ಬಿದ್ದಲ್ಲಿಂದ ಪುಟಿದೆದ್ದು ಮನೆಗೆ ಬಂದು ಎರಡು ತಟ್ಟೆ ಬೀನ್ಸ್ ಬಾರಿಸಿ ಮಲಗುತ್ತಾನೆ. ಗುಂಡುಕಲ್ಲಿನ ಹಾಗಿದ್ದಾನೆ.

ನನ್ನ ಸಂಕಟವೆಲ್ಲ ದೊಡ್ಡವನದು. ಅದೇ ತಂಡದಲ್ಲಿ ಆಡುವ ಹಾರ್ಲನ್ ಈಗ ಮುನ್ನೂರು ಪೌಂಡು ತೂಗುತ್ತಾನೆ. ಅವನಿಗಾಗಿ ಯಾರೂ ಪ್ರಾರ್ಥಿಸುವುದಿಲ್ಲ. ದೊಡ್ಡ ಮೈಗೆ ನೋವೇ ಆಗುವುದಿಲ್ಲ ಎಂದು ಈ ಊರು ತೀರ್ಮಾನಿಸಿಬಿಟ್ಟಿದೆ. ಟಕರ್ ಓಡಿ ತಪ್ಪಿಸಿಕೊಳ್ಳುತ್ತಾನೆ, ಆಟಕ್ಕೆ ನಾಲ್ಕೈದು ಪೆಟ್ಟು ತಿಂದಾನು. ಹಾರ್ಲನ್‌ಗೆ ತಪ್ಪಿಸಿಕೊಳ್ಳುವ ಹಾಗೇ ಇಲ್ಲ. ಚೆಂಡು ಹೊರಟಾಗಲೆಲ್ಲ ಎದುರಿಗೆ ಅಷ್ಟೇ ದೊಡ್ಡ ಇನ್ನೊಬ್ಬನಿಗೆ ಡಿಕ್ಕಿ ಹೊಡೆಯುವುದೇ ಅವನ ಕೆಲಸ. ಎತ್ತಿನ ಮೈ ಇದೆಯೆಂದು ಎತ್ತಿಗೆ ನೋವಿಲ್ಲವೇ? ನನ್ನ ಈ ಮಾತು ಕೇಳುವವರು ಯಾರು.

ಸೆಪ್ಟೆಂಬರಿನಿಂದ ಅವನ ಬೆನ್ನು ಹಿಡಿದುಕೊಂಡಿದೆ. ಮೆಟ್ಟಿಲನ್ನು ಹಿಂದುಮುಂದಾಗಿ, ಕಟಕಟೆ ಹಿಡಿದು ಇಳಿಯುತ್ತಾನೆ. ಬಗ್ಗಲಾರ. ದಿನಾ ಬೆಳಿಗ್ಗೆ ನಾನೇ ನೆಲದ ಮೇಲೆ ಕೂತು ಅವನಿಗೆ ಶೂ ತೊಡಿಸಿ ಲೇಸು ಕಟ್ಟುತ್ತೇನೆ. "ಟಕರ್‌ಗೆ ಹೇಳ್ಬೇಡ ಅಜ್ಜಿ, ನಗ್ತಾನೆ" ಎನ್ನುತ್ತಾನೆ. ಕೋಚ್ ಡಾಬ್ಸ್ ಹತ್ತಿರ ಹೋಗಿ ಹೇಳಿದೆ. "ಅಯ್ಯೋ ಬಿಡಿ ಅಮ್ಮಾ, ಗೋಡೆಗೆ ಎಲ್ಲಾದ್ರೂ ಬೆನ್ನು ನೋಯತ್ತಾ? ನೀವು ಆ ಚಿಕ್ಕವನಿಗೆ ಚೆನ್ನಾಗಿ ಊಟ ಹಾಕಿ" ಎಂದ. ಅವನ ಬಾಯಿಗಿಷ್ಟು. ಲಬಕ್‌ನ ದೊಡ್ಡ ಡಾಕ್ಟರಿಗೆ ತೋರಿಸೋಣವೆಂದರೆ ಹುಡುಗ ಕಾರು ಹತ್ತುವುದಿಲ್ಲ. ಎಪ್ಪತ್ತರ ಮುದುಕಿ ಮುನ್ನೂರು ಪೌಂಡಿನವನನ್ನು ಎತ್ತಿ ಕಾರಿಗೆ ಹಾಕಲೇ?

ಕಳೆದ ಗುರುವಾರದ ಊಟದಲ್ಲಿ ಪಾದ್ರಿಗಳು, ಇನ್ಯಾರಿಗಾದರೂ ಪ್ರಾರ್ಥಿಸಬೇಕೇ ಎಂದು ಕೇಳಿದರು. ನಾನು ಎದ್ದು ನಿಂತು "ನಮ್ಮ ಹಾರ್ಲನ್‌ಗೆ" ಎಂದೆ. ತಮಾಷೆ ಮಾಡಿದೆನೆಂದು ಎಲ್ಲರೂ ನಕ್ಕರು. "ಅವನ ಎದುರಿಗೆ ನಿಲ್ಲೋ ಹುಡುಗನಿಗೆ ಪ್ರಾರ್ಥನೆ ಮಾಡೋಣ ಬಿಡಿ" ಎಂದ ಯಾವನೋ. ಹಾರ್ಲನ್ ಎಲ್ಲರಿಗಿಂತ ಜೋರಾಗಿ ನಕ್ಕ. ನಗುತ್ತಲೇ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡ. ಊಟ ಮುಗಿಯುವವರೆಗೂ ಬಿಡಲಿಲ್ಲ ಕಣೋ.

ಯಾಕೆ ಬಾಯಿ ಬಿಡುವುದಿಲ್ಲ ಎಂದು ನನಗೆ ಗೊತ್ತು, ನಿನಗೂ ಗೊತ್ತು. ಈ ಸಲ ಹೊರಡುವಾಗ ಪೆಟ್ರೋಲ್ ಬಂಕಿನಲ್ಲಿ ಎಲ್ಲರೆದುರು ಅವನ ಬೆನ್ನು ತಟ್ಟಿ, "ನನ್ನನ್ನ ಹದಿನಾರಕ್ಕೇ ಈ ಆಟದಲ್ಲಿ ಮುರಿದು ಕೂರಿಸಿದ್ರು. ಇವನು ಮುರಿಯೋ ಜಾತಿ ಅಲ್ಲ" ಎಂದೆಯಲ್ಲ. ಆ ಮಾತನ್ನು ಅವನು ಹೊತ್ತು ತಿರುಗುತ್ತಿದ್ದಾನೆ. ನಾನು ಆಟ ಸಾಕು ಎಂದರೆ ಅಜ್ಜಿಗೆ ಹೆದರಿಕೆ ಎನ್ನುತ್ತಾನೆ. ಅಪ್ಪ ಸಾಕು ಎಂದರೆ ಮಾತ್ರ ಸಾಕು. ನಿನ್ನ ಕಂಪನಿಯ ಆಫೀಸಿಗೆ ಫೋನ್ ಮಾಡಿದ್ದೆ. "ಯಾರಾದ್ರೂ ತೀರ್ಕೊಂಡ್ರಾ?" ಎಂದು ಕೇಳಿದರು. ಇಲ್ಲವೆಂದೆ. "ಹಾಗಾದ್ರೆ ಕಾಗದ ಹಾಕಿ, ದೋಣಿಯಲ್ಲಿ ಕಳಿಸ್ತೀವಿ" ಎಂದರು. ಅದಕ್ಕೇ ಈ ಕಾಗದ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕಾಲಡಿಯ ಕಬ್ಬಿಣವನ್ನು ದೇವರು ಗಟ್ಟಿಯಾಗಿಡಲಿ.

ನಿನ್ನ ಅಮ್ಮ,
ಓಪಲ್

ತಾ. ಕ.: ಅಂಚೆಯವನು ಬರುವ ಹೊತ್ತಾಯಿತು, ಆದರೂ ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. ಇವತ್ತು ಬೆಳಿಗ್ಗೆ ಅವನಿಗೆ ಒಂದು ಶೂ ತೊಡಿಸಿದ್ದೆ, ಅಷ್ಟರಲ್ಲಿ ಒಲೆಯ ಮೇಲೆ ಬೇಕನ್ ಸೀದ ವಾಸನೆ ಬಂತೆಂದು ಎದ್ದು ಹೋದೆ. ಬಂದು ನೋಡಿದರೆ ಇನ್ನೊಂದು ಶೂ ಇಲ್ಲೇ ಬಿದ್ದಿದೆ, ಹುಡುಗ ಅಂಗಳ ದಾಟಿ ಟ್ರಕ್ಕಿನ ಹತ್ತಿರ ನಿಂತಿದ್ದಾನೆ. ಹುಲ್ಲಿನ ಮೇಲೆಲ್ಲ ಬೆಳ್ಳಗೆ ಮಂಜು ಹೆಪ್ಪುಗಟ್ಟಿತ್ತು ರಾಯ್ಸ್. ಶೂ ಎತ್ತಿ ತೋರಿಸಿದೆ. ಅವನು ಬಗ್ಗಿ ನೋಡಲಾರದೆ ನನ್ನನ್ನೇ ಕೇಳಿದ, "ಯಾವ ಕಾಲಿಂದು ಅಜ್ಜಿ?" ಆ ಕಾಲು ಬರಿಗಾಲೆಂದು ಅವನಿಗೆ ಗೊತ್ತೇ ಆಗಿರಲಿಲ್ಲ. ಆಟದ ಶುಕ್ರವಾರದೊಳಗೆ ಅವನಿಗೆ ಫೋನ್ ಮಾಡು. ಕಂಪನಿಯವರು ಕೇಳಿದರೆ ಅಮ್ಮ ಸತ್ತಳು ಎಂದು ಹೇಳು.