ಕಟ್ಟೆಯ ಕ್ಯಾಪ್ಟನ್

ಕೋಬರ್ಗ್, ಮೆಲ್ಬರ್ನ್
೧೦ ಜೂನ್ ೨೦೨೫

ಪ್ರೀತಿಯ ಅವ್ವನಿಗೆ,

ನಿನ್ನ ಐಶ್ವರ್ಯಾಳ ಶರಣು. ಕಾಗದದ ನೆತ್ತಿಗೆ ಶ್ರೀ ಬರೆದಿಲ್ಲವೆಂದು ಮೊದಲ ಸಾಲಿಗೇ ಮುಖ ಗಂಟು ಹಾಕಿಕೊಳ್ಳಬೇಡ. ಕೊತ್ತಂಬರಿ ಕರಿಬೇವು ತರಿಸುವ ಚೀಟಿಗೂ ಶ್ರೀ ಹಾಕುವವಳು ನೀನು. ನಾನು ಆ ರೂಢಿಯನ್ನು ಧಾರವಾಡದ ಹೈಸ್ಕೂಲಿನಲ್ಲೇ ಬಿಟ್ಟು ಬಂದೆ. ಫೋನ್ ಇರುವಾಗ ಕಾಗದವೇಕೆ ಅನ್ನುತ್ತೀಯೇನೋ. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ, ಸ್ಪೀಕರಿನ ಪಕ್ಕದಲ್ಲಿ ವೀರೇಂದ್ರಣ್ಣ ಇರುತ್ತಾನೆ. ಅದಕ್ಕೇ ಇದನ್ನು ನಿನ್ನ ಗೆಳತಿ ಇಂದಿರಮ್ಮ ಆಂಟಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಅವರು ಓದದೆ ನಿನ್ನ ಕೈಗೆ ಕೊಡುತ್ತಾರೆ. ಓದಿ ಕೊಟ್ಟರೂ ನನಗೇನೂ ಬೇಜಾರಿಲ್ಲ.

ನಿನ್ನೆ ಫೋನಿನಲ್ಲಿ ನೀನು ಅತ್ತೆ. "ಒಂದ್ ಸಹಿ ಮಾಡಿ ಕಳಿಸಿಬಿಡವಾ, ನಿಂದೇನ್ ಹೋಗತೈತಿ" ಅಂದೆ. ಅಣ್ಣ ಬರೆದು ಕಳಿಸಿದ ಆ ಕ್ಷಮಾಪಣೆಯ ಕಾಗದ ಈಗ ನನ್ನ ಮೇಜಿನ ಮೇಲೇ ಇದೆ. ಸಿಡ್ನಿಯ ನಿಮ್ಮ ದಿ ಪಾಂಡ್ಸ್ ಬಡಾವಣೆಯ ಪಾರ್ಕಿನಲ್ಲಿ ಬೆದರಿಕೆ ಚೀಟಿ ಅಂಟಿಸಿದ್ದು ನಾನೇ, ತಮಾಷೆಗೆ ಮಾಡಿದೆ, ತಪ್ಪಾಯಿತು ಎಂದು ನಾನು ಒಪ್ಪಿಕೊಳ್ಳಬೇಕಂತೆ. ಒಪ್ಪಿಕೊಳ್ಳುವವರೆಗೆ ವೀರೇಂದ್ರಣ್ಣನ ಮನೆಯ ಹೊಸ್ತಿಲು ತುಳಿಯಬಾರದಂತೆ. ಅಂದರೆ ನಿನ್ನನ್ನು ನೋಡಲು ಬರಬಾರದು. ಅದನ್ನು ಅವನು ಹಾಲಿನ ಲೆಕ್ಕ ಒಪ್ಪಿಸಿದಷ್ಟು ಸಲೀಸಾಗಿ ಹೇಳಿದ.

ಅವ್ವ, ನಾನು ಸಹಿ ಮಾಡುವುದಿಲ್ಲ. ಇದನ್ನು ಮೊದಲು ಹೇಳಿಬಿಟ್ಟು ಉಳಿದದ್ದನ್ನು ಬರೆಯುತ್ತೇನೆ.

ನಡೆದದ್ದನ್ನು ಅಣ್ಣ ತನಗೆ ಬೇಕಾದಂತೆ ಹೇಳಿಕೊಂಡು ತಿರುಗುತ್ತಿದ್ದಾನೆ. ನಾನು ಕಂಡದ್ದು ಬೇರೆ. ನಿಮ್ಮ ಕಡೆ ಒಂದೆರಡು ಮನೆಗಳ ಬಾಗಿಲಲ್ಲಿಟ್ಟ ಪಾರ್ಸೆಲ್‌ಗಳು ಕಳುವಾದವು. ಕೂಡಲೇ ಸೇಫ್ಟಿ ಕಮಿಟಿ ಹುಟ್ಟಿತು, ಅಣ್ಣ ಅದರ ಅಧ್ಯಕ್ಷನಾದ, ಒಬ್ಬ ಗಾರ್ಡ್ ಬಂದ. ಆ ಗಾರ್ಡಿಗೆ ಪಾರ್ಸೆಲ್ ಕಳ್ಳರು ಸಿಗಲಿಲ್ಲ. ಸಿಕ್ಕಿದ್ದು ನೀವು, ಪಾರ್ಕಿನ ಚಪ್ಪರದ ಕೆಳಗೆ ಸಂಜೆ ಹೊತ್ತು ಬಂದು ಕೂರುವ ತಾಯಂದಿರು. ನೀವು ಅದನ್ನು ಕಟ್ಟೆ ಎಂದು ಕರೆದಿರಿ. ಮಕ್ಕಳು ಆಫೀಸಿಗೆ, ಮೊಮ್ಮಕ್ಕಳು ಸ್ಕೂಲಿಗೆ ಹೋದ ಮೇಲೆ ದಿನವಿಡೀ ಗೋಡೆ ನೋಡಿಕೊಂಡಿರುವ ನಿಮಗೆ ಬಾಯಿ ಬಿಚ್ಚಿ ಮಾತಾಡಲು ಇಡೀ ಸಿಡ್ನಿಯಲ್ಲಿ ಇದ್ದದ್ದು ಅದೊಂದೇ ಜಾಗ. ಅಲ್ಲಿ ಕತ್ತಲಾದ ಮೇಲೆ ಯಾರೂ ಗುಂಪು ಸೇರಬಾರದು ಎಂಬ ಹಲಗೆ ಬಂದು ಕೂತಿತು. ಜೂನ್ ತಿಂಗಳಲ್ಲಿ ಸಿಡ್ನಿಗೆ ಐದು ಗಂಟೆಗೇ ಕತ್ತಲು. ಹಲಗೆ ಬರೆಸಿದವರಿಗೆ ಇದು ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ.

ಆಮೇಲೆ ಮಂಡ್ಯದ ಪುಟ್ಟಮ್ಮನವರ ಪ್ರಸಂಗ ನಡೆಯಿತು. ಕಟ್ಟೆಯಿಂದ ಮನೆಗೆ ಹೊರಟಿದ್ದವರನ್ನು ಗಾರ್ಡ್ ನಿಲ್ಲಿಸಿ ಐಡಿ ಕೇಳಿದ. ಆಕೆ ಗಾಬರಿಯಲ್ಲಿ ಬಸ್ಸಿನ ಕಾರ್ಡ್ ತೋರಿಸಿದರು. ಅವನು ಟಾರ್ಚಿನ ಬೆಳಕು ಬಿಟ್ಟು ಅವರ ಮುಖ ನೋಡಿದ. ಅಂದಿನಿಂದ ಪುಟ್ಟಮ್ಮ ಹೊರಗೆ ಬಂದಿಲ್ಲ. ಪಾಸ್‌ಪೋರ್ಟನ್ನು ಸೆರಗಿಗೆ ಕಟ್ಟಿಕೊಂಡು ವಾಕಿಂಗ್ ಹೋಗಬೇಕೇ ಎಂದು ಅವರು ನಿನ್ನನ್ನು ಕೇಳಿದ್ದರಂತೆ. ಇದನ್ನು ನೀನು ನನಗೆ ಹೇಳುವಾಗ ನಿನ್ನ ದನಿ ಹೇಗಿತ್ತೆಂದು ನನಗೆ ಚೆನ್ನಾಗಿ ನೆನಪಿದೆ.

ಅದಾದ ಶನಿವಾರ ನಾನು ಸಿಡ್ನಿಗೆ ಬಂದಿದ್ದೆ. ಭಾನುವಾರ ಬೆಳಗಾಗುವಷ್ಟರಲ್ಲಿ ಆ ಹಲಗೆಯ ಮೇಲೊಂದು ಚೀಟಿ, ಇಂಗ್ಲಿಷಿನಲ್ಲಿ, ದೊಡ್ಡ ದೊಡ್ಡ ಅಕ್ಷರಗಳಲ್ಲಿ. ಕೂರುವುದು ಅಪರಾಧವಲ್ಲ, ಈ ಹಲಗೆ ತೆಗೆಯಿರಿ, ತೆಗೆಯದಿದ್ದರೆ ನಿಮ್ಮ ನಿಮ್ಮ ಮನೆಬಾಗಿಲಿಗೇ ಬಂದು ಕೂರುತ್ತೇವೆ ಎಂದು ಅದರಲ್ಲಿತ್ತು. ಕೆಳಗೆ ಕ್ಯಾಪ್ಟನ್ ರಾಕ್ ಎಂಬ ಸಹಿ. ವಾಕಿಂಗ್ ಹೋಗಿದ್ದ ಅಣ್ಣನೇ ಅದನ್ನು ಕಿತ್ತು ತಂದು, ಫೋಟೋ ತೆಗೆದು ಕಮಿಟಿಯ ಗ್ರೂಪಿಗೆ ಹಾಕಿದ. ಕ್ಯಾಪ್ಟನ್ ರಾಕ್ ಯಾರೆಂದು ಹುಡುಕಿದರೆ ಇನ್ನೂರು ವರ್ಷ ಹಿಂದಿನ ಐರ್ಲೆಂಡ್ ಬರುತ್ತದೆ. ಐರ್ಲೆಂಡ್ ಎಂದರೆ ಆ ಮನೆಯಲ್ಲಿ ನಾನು. ಅದರ ಇತಿಹಾಸದ ಮೇಲೆ ಪಿಎಚ್‌ಡಿ ಶುರುಮಾಡಿದಾಗಿನಿಂದ ಊಟಕ್ಕೆ ಕೂತಾಗಲೂ ಅದನ್ನೇ ಹೇಳಿ ಎಲ್ಲರ ತಲೆ ತಿಂದವಳಲ್ಲವೇ?

ಆದರೆ ಕಿವಿಗೊಟ್ಟು ಕೇಳಿದವಳು ನೀನೊಬ್ಬಳೇ. ಹಿಂದೊಮ್ಮೆ ನೀನು ರೊಟ್ಟಿ ಬಡಿಯುತ್ತಿದ್ದೆ, ನಾನು ಪಕ್ಕದ ಅಡುಗೆಕಟ್ಟೆ ಹತ್ತಿ ಕೂತು ಕಥೆ ಹೇಳುತ್ತಿದ್ದೆ. ಭೂಮಿ ಜಮೀನ್ದಾರರದು, ದುಡಿಮೆ ಅಲ್ಲಿನ ರೈತರದು, ಗುತ್ತಿಗೆ ಏರುತ್ತಲೇ ಇತ್ತು, ತಮ್ಮದಲ್ಲದ ಚರ್ಚಿಗೂ ಬೆಳೆಯ ಹತ್ತರಲ್ಲೊಂದು ಪಾಲು ಕೊಡಬೇಕಿತ್ತು. ಕೊಡಲಾಗದ ಹಳ್ಳಿಗರು ಅಂಗಿಯ ಮೇಲೆ ಬಿಳಿ ಅಂಗಿ ತೊಟ್ಟು, ಕೆಲವೊಮ್ಮೆ ಹೆಂಗಸರ ಬಟ್ಟೆ ಉಟ್ಟು ಹೊರಡುತ್ತಿದ್ದರು. ಜಮೀನ್ದಾರನ ಬಾಗಿಲಿಗೆ ಚೀಟಿ ಅಂಟಿಸಿ ಬರುತ್ತಿದ್ದರು, ಸಹಿ ಕ್ಯಾಪ್ಟನ್ ರಾಕ್. ಅವರೇನೂ ಸಾಧುಗಳಲ್ಲ ಅವ್ವ, ಹುಲ್ಲಿನ ಬಣವೆ ಸುಟ್ಟರು, ಜನರನ್ನು ಕೊಂದದ್ದೂ ಉಂಟು, ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಸರ್ಕಾರ ತಂದ ಕಾಯಿದೆಯಲ್ಲಿ, ಗಲಭೆಯ ಸೀಮೆಯಲ್ಲಿ ಕತ್ತಲಾದ ಮೇಲೆ ಮನೆಯ ಹೊರಗೆ ಸಿಕ್ಕವನು ಸರಿಯಾದ ಕಾರಣ ಹೇಳಲಾಗದಿದ್ದರೆ ಏಳು ವರ್ಷ ಗಡೀಪಾರು. ಹಸು ಈಯುವುದನ್ನು ನೋಡಲು ಹೋದವನೂ ಸಿಕ್ಕಿಬೀಳಬಹುದಿತ್ತು. ಹಾಗೆ ಸಿಕ್ಕವರನ್ನು ಹಡಗಿಗೆ ತುಂಬಿ ತಂದು ಇಳಿಸಿದ್ದು ಎಲ್ಲಿ? ಇದೇ ಸಿಡ್ನಿಯಲ್ಲಿ.

ಆ ಕ್ಯಾಪ್ಟನ್ ನಿಜವಾಗಿ ಇದ್ದನೇ ಎಂದು ನೀನು ಆಗ ಕೇಳಿದ್ದೆ. ಇರಲಿಲ್ಲ, ಪೆನ್ನು ಹಿಡಿದವರೆಲ್ಲ ಕ್ಯಾಪ್ಟನ್, ಅದಕ್ಕೇ ಯಾರೂ ಸಿಗುತ್ತಿರಲಿಲ್ಲ ಎಂದೆ. ನೀನು ರೊಟ್ಟಿ ಮಗುಚಿ ಹಾಕಿ, "ಛಲೋ ಐತಲ್ಲ ಉಪಾಯ" ಎಂದು ನಕ್ಕೆ.

ಇನ್ನೊಂದು ಮಾತು ನಿನಗೆ ಹೇಳಿರಲಿಲ್ಲ. ಅಲ್ಲಿಗೆ ಹೊಸದಾಗಿ ಪೊಲೀಸ್ ಪಡೆ ಬಂದಾಗ, ಗಲಭೆಯ ಸೀಮೆ ಎಂದು ಡಂಗುರ ಹೊಡೆಸಿ ಪಡೆಯನ್ನು ಕೂರಿಸಿ, ಅದರ ಖರ್ಚನ್ನು ಆ ಸೀಮೆಯ ಜನರ ಮೇಲೇ ಹೇರುತ್ತಿದ್ದರು. ತಪ್ಪು ಮಾಡಿದವನು ಕೊಡಬೇಕು, ಮಾಡದವನೂ ಕೊಡಬೇಕು. ಇದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಹುಡುಕಿ ಸೋತೆ. ಒಂದು ದಿನ ಟ್ರಾಮಿನಲ್ಲಿ ಕೂತಿದ್ದಾಗ ಅಪ್ಪನ ಬಾಯಲ್ಲಿ ಕೇಳಿದ ಪದ ನೆನಪಾಯಿತು, ಪುಂಡುಗಂದಾಯ. ನನ್ನ ಗೈಡ್‌ಗೆ ಹೇಳಿದರೆ ಅವರಿಗೆ ನಾಲಗೆ ಹೊರಳಲಿಲ್ಲ, ಆದರೂ ಪ್ರಬಂಧದಲ್ಲಿ ಹಾಕು ಎಂದರು.

ಧಾರವಾಡದ ಪೊಲೀಸ್ ಕ್ವಾರ್ಟರ್ಸ್ ನೆನಪು ಮಾಡಿಕೊ. ಕನ್ನಡಿ ಒಡೆದವರು ಯಾರೆಂದು ಬಾಯಿ ಬಿಡದಿದ್ದರೆ ನನಗೂ ಅಣ್ಣನಿಗೂ ಭಾನುವಾರದ ಮಿರ್ಚಿಭಜಿ ಇಲ್ಲ. ನಮ್ಮಪ್ಪ ಹವಾಲ್ದಾರ್ ಸಿದ್ದಣ್ಣನವರ ಮನೆಯ ಪುಂಡುಗಂದಾಯ ಅದು. ಅಣ್ಣ ಭಜಿಯ ಆಸೆಗೆ ಪ್ರತಿ ಸಲವೂ ನನ್ನ ಹೆಸರು ಹೇಳುತ್ತಿದ್ದ, ಒಡೆದವನು ತಾನೇ ಆಗಿದ್ದಾಗಲೂ. ಅವನಿಗೆ ಭಜಿ ಸಿಗುತ್ತಿತ್ತು. ಆದರೆ ಆ ದಿನ ಅಪ್ಪ ಅವನ ಪಕ್ಕದಲ್ಲಿ ಕೂತು ಉಣ್ಣುತ್ತಿರಲಿಲ್ಲ. ಅಷ್ಟು ವರ್ಷ ಖಾಕಿ ತೊಟ್ಟವನಿಗೆ ಹೆಸರು ಹೇಳುವವರ ಮೇಲೆ ಯಾಕೆ ಅಷ್ಟು ಅಸಹ್ಯವಿತ್ತೋ, ಕೇಳುವ ಮೊದಲೇ ಹೋಗಿಬಿಟ್ಟ.

ಈಗ ನಿಮ್ಮ ಕಮಿಟಿ ಮಾಡಿರುವುದೇನು? ಚೀಟಿ ಬರೆದವರ ಹೆಸರು ಸಿಗುವವರೆಗೆ ಕಟ್ಟೆಯ ಸುತ್ತ ಬೇಲಿ ಹಾಕಿ ಬೀಗ, ಹೆಚ್ಚಿನ ಗಾರ್ಡಿನ ಖರ್ಚು ಬೀದಿಯ ಎಲ್ಲ ಮನೆಗಳ ಮೇಲೆ. ಅಪ್ಪ ಇದ್ದಿದ್ದರೆ ಇದರ ಹೆಸರು ಥಟ್ಟನೆ ಹೇಳುತ್ತಿದ್ದ. ಹವಾಲ್ದಾರನ ಮಗ ಭಜಿಯ ತಟ್ಟೆ ಹಿಡಿದುಕೊಂಡು ಮತ್ತೆ ನನ್ನ ಕಡೆಗೇ ಬೆರಳು ತೋರಿಸುತ್ತಿದ್ದಾನೆ.

ಆ ಚೀಟಿ ನಾನು ಬರೆದೆ ಎಂದು ಹೇಳುವುದಿಲ್ಲ. ಬರೆಯಲಿಲ್ಲ ಎಂದೂ ಹೇಳುವುದಿಲ್ಲ. ತಪ್ಪಾಯಿತು ಎಂದಂತೂ ಸತ್ತರೂ ಹೇಳುವುದಿಲ್ಲ, ಏಕೆಂದರೆ ಅದು ತಪ್ಪಲ್ಲ. ನಾನು ಸಹಿ ಹಾಕಿದರೆ ಕಟ್ಟೆಯ ಬೀಗ ತೆಗೆಯುತ್ತಾರೆ, ನಿಜ. ಹಲಗೆ ಅಲ್ಲೇ ಇರುತ್ತದೆ, ಟಾರ್ಚೂ ಇರುತ್ತದೆ, ಪುಟ್ಟಮ್ಮ ಒಳಗೇ ಇರುತ್ತಾರೆ. ನೀವು ಮತ್ತೆ ಕೂತರೂ ಕ್ಷಮಾಪಣೆಯ ಮೇಲೆ ಕೂತಂತೆ. ನಿನ್ನೆ ನೀನು ಫೋನಿನಲ್ಲಿ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದೆ. ಒಳ್ಳೆಯದೇ ಆಯಿತು. ಅಣ್ಣ ಕೇಳಲಿ, ಕಮಿಟಿಯವರು ಮನೆಗೇ ಬಂದು ಕೇಳಲಿ, ನೀನು ಯಾರ ಹೆಸರನ್ನೂ ಹೇಳಬೇಡ. ಯಾರದೆಂದರೆ ಯಾರದೂ.

ಈ ಭಾನುವಾರ ಸಂಜೆ ಕಮಿಟಿಯ ಮೀಟಿಂಗ್ ಇದೆಯಂತೆ. ನಾನು ಬರುತ್ತಿದ್ದೇನೆ. ಮನೆಗಲ್ಲ, ಕಟ್ಟೆಗೆ. ವೆಸ್ಟ್‌ಮೀಡ್‌ನಲ್ಲಿ ಗೆಳತಿಯ ಫ್ಲಾಟಿನಲ್ಲಿ ಉಳಿಯುತ್ತೇನೆ, ಅಣ್ಣನ ಹೊಸ್ತಿಲು ಅವನಿಗೇ ಇರಲಿ. ಬೀಗ ಹಾಕಿದ್ದರೆ ಬೀಗದ ಮುಂದೆ ಚಾಪೆ ಹಾಸಿ ಕೂರುತ್ತೇನೆ, ಕತ್ತಲಾದ ಮೇಲೂ. ಗಾರ್ಡ್ ಬಂದು ಕಾರಣ ಕೇಳಿದರೆ ನನ್ನ ಅವ್ವನನ್ನು ನೋಡಲು ಬಂದೆ ಎನ್ನುತ್ತೇನೆ. ಅದಕ್ಕಿಂತ ಸರಿಯಾದ ಕಾರಣ ಯಾವ ಕಾಯಿದೆಗೆ ಬೇಕು? ಪುಟ್ಟಮ್ಮನವರನ್ನು ಕರೆತರಲು ಇಂದಿರಮ್ಮ ಆಂಟಿ ಒಪ್ಪಿದ್ದಾರೆ. ನೀನು ಶಾಲು ಹೊದ್ದು ಬಾ, ಸಿಡ್ನಿಯ ಚಳಿ ನಿನ್ನ ಮೊಣಕಾಲಿಗೆ ಆಗುವುದಿಲ್ಲ. ಡಬ್ಬಿಯಲ್ಲಿ ಎರಡು ರೊಟ್ಟಿ, ಒಂದಿಷ್ಟು ಶೇಂಗಾಚಟ್ನಿ ತಂದರೆ ಬೇಡ ಅನ್ನುವುದಿಲ್ಲ.

ಇನ್ನು ಅಳಬೇಡ.

ಜಗ್ಗದ ನಿನ್ನ ಮಗಳು,
ಐಶು

ಮರೆತಿದ್ದೆ: ಅಣ್ಣ ಗ್ರೂಪಿಗೆ ಹಾಕಿದ ಫೋಟೋದಲ್ಲಿ ಚೀಟಿಯ ಮೇಲ್ಭಾಗ ಇಲ್ಲ. ಅವನಿಗಿಂತ ಮೊದಲು ಆ ದಾರಿಯಲ್ಲಿ ಹೋಗಿದ್ದ ಇಂದಿರಮ್ಮ ಆಂಟಿ ತೆಗೆದ ಫೋಟೋದಲ್ಲಿ ಪೂರ್ತಿ ಇದೆ. ಮೊದಲ ಸಾಲಿನ ಮೇಲೆ, ನಟ್ಟನಡುವೆ, ದುಂಡಗೆ ಶ್ರೀ. ಬೆದರಿಕೆ ಚೀಟಿಗೆ ಶ್ರೀ ಹಾಕಿದ ಕ್ಯಾಪ್ಟನ್ ಇಡೀ ಐರ್ಲೆಂಡಿನಲ್ಲಿ ಒಬ್ಬನೂ ಇರಲಿಲ್ಲ ಅವ್ವ. ಅದನ್ನು ಕತ್ತರಿಸಿದವನಿಗೆ ತಾನು ಏನು ಕತ್ತರಿಸುತ್ತಿದ್ದೇನೆಂದು ಗೊತ್ತಿತ್ತು. ನನ್ನ ಹೆಸರು ಕೊಟ್ಟ, ನಿನ್ನದನ್ನು ಕೊಡಲಿಲ್ಲ. ಅದಕ್ಕೇ ಅವನ ಮೇಲಿನ ಸಿಟ್ಟು ಅರ್ಧಕ್ಕೆ ಇಳಿದಿದೆ, ಉಳಿದರ್ಧ ಭಾನುವಾರಕ್ಕೆ ಇಟ್ಟುಕೊಂಡಿದ್ದೇನೆ. ಕಮಿಟಿಗೆ ಕೊಡಲು ನಾನೂ ಒಂದು ಚೀಟಿ ಬರೆದಿದ್ದೇನೆ, ಸಹಿ ಅದೇ ಕ್ಯಾಪ್ಟನ್ ರಾಕ್. ಇಂದಿರಮ್ಮ ಆಂಟಿಯೂ ಬರೆದಿದ್ದಾರೆ, ಪುಟ್ಟಮ್ಮನವರು ಕನ್ನಡದಲ್ಲೇ ಬರೆಯುತ್ತಾರಂತೆ. ಹೈಸ್ಕೂಲು ಬಿಟ್ಟ ಮೇಲೆ ಮೊದಲ ಸಲ ನಾನು ನೆತ್ತಿಗೆ ಶ್ರೀ ಹಾಕಿದೆ, ಕೈ ಮರೆತಿರಲಿಲ್ಲ. ನೀನೂ ಇನ್ನೊಂದು ಬರೆದು ತಾ, ಶ್ರೀ ಮಾತ್ರ ಬಿಡಬೇಡ.