ಓದಿದವಳ ಹೆಸರು

ಹಿರಿಯೂರು
೧೯ ನವೆಂಬರ್ ೨೦೨೫

ಪ್ರೀತಿಯ ಸ್ವಾತಿ,

ಹೇಗಿದ್ದೀಯ? ಒಂಬತ್ತು ದಿನ ತಡವಾಗಿ ಬರೆಯುತ್ತಿದ್ದೇನೆ, ತಪ್ಪಾಯಿತು. ಮೊದಲ ನಾಲ್ಕು ದಿನ ಫೋನ್ ಮಾಡುತ್ತಲೇ ಇದ್ದೆ, ನೀನು ಎತ್ತಲಿಲ್ಲ. ವಾಯ್ಸ್ ಮೆಸೇಜ್ ಕಳಿಸೋಣವೆಂದರೆ ನನ್ನ ದನಿ ಕೇಳಿದ ಕೂಡಲೇ ನಿಲ್ಲಿಸಿಬಿಡುತ್ತೀಯ ಎನಿಸಿತು. ಅದಕ್ಕೇ ಟೈಪ್ ಮಾಡುತ್ತಿದ್ದೇನೆ. ನಿನ್ನ ಫೋನು ತನ್ನ ದನಿಯಲ್ಲೇ ಓದಿ ಹೇಳಲಿ. ಇಯರ್‌ಫೋನ್ ಹಾಕಿಕೊಂಡು ಕೇಳು, ಇದು ನಿನಗೊಬ್ಬಳಿಗೆ.

ಭಾನುವಾರ ಹರಿಯಬ್ಬೆಗೆ ಹೋಗಿದ್ದೆ. ನಿಮ್ಮಮ್ಮ ನಲ್ಲಿಯ ಹತ್ತಿರ ಸಿಕ್ಕಿದ್ದರು. “ನಮ್ ಸ್ವಾತಿ ಫೋನ್‌ನಾಗೆ ಸರಿಯಾಗಿ ಮಾತಾಡ್ತಿಲ್ಲ ಕಣೆ ರೋಜಾ, ಪರೀಕ್ಷೆ ಐತಾ?” ಎಂದರು. ಸೆಮಿನಾರ್ ಐತೆ ಅಂದೆ. ಅದು ನಿಜವೇ. ಮಿಕ್ಕದ್ದನ್ನು ಹೇಳಲಿಲ್ಲ. ನಿನ್ನ ಎಮ್ಮೆ ಕರು ಹಾಕಿದೆ, ಹೆಣ್ಣು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಿನಗೆ ಫೋನ್ ಮಾಡಿದ ವಕೀಲರು ಅನುಪಮಾ ಮೇಡಂಗೆ ನಿನ್ನ ಹೆಸರು, ನಂಬರು ಎರಡೂ ಸಿಕ್ಕಿದ್ದು ನನ್ನಿಂದಲೇ. ನಿನ್ನನ್ನು ಒಂದು ಮಾತು ಕೇಳಿ ಕೊಡಬೇಕಿತ್ತು, ಕೇಳಲಿಲ್ಲ. ಅವತ್ತು ಏನಾಯಿತು ಎಂದು ಮೊದಲಿನಿಂದ ಹೇಳುತ್ತೇನೆ. ಪೂರ್ತಿ ಕೇಳಿ ಆಮೇಲೆ ಬೈಯಿ.

ಹತ್ತನೇ ತಾರೀಖು ಸೋಮವಾರ, ಮಧ್ಯಾಹ್ನ. ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ನಾನು, ಓನರ್ ಹರೀಶಣ್ಣ ಇಬ್ಬರೇ ಇದ್ದೆವು. ಬಿಳಿ ಅಂಗಿಯ ಹಿರಿಯರೊಬ್ಬರು ಬಂದು ಬೆಂಚಿನ ಮೇಲೆ ಕೂತರು. ಕೈಯಲ್ಲಿ ‘ಕೆರೆಯ ಕಲ್ಲು ಹೇಳಿದ್ದು’ ಪುಸ್ತಕವಿತ್ತು. ನಿನ್ನ ಸೆಮಿನಾರ್‌ಗೆಂದು ನಾನು ಕೊಂಡು, ಮೂವತ್ತೊಂದು ಭಾಗ ಮಾಡಿ ಫೋನಿನಲ್ಲಿ ಓದಿ ನಿನಗೆ ಕಳಿಸಿದ್ದೆನಲ್ಲ, ಅದೇ ಪುಸ್ತಕ. ಜೆರಾಕ್ಸ್ ಮಾಡಿಸಲು ತಂದಿದ್ದಾರೆ ಎಂದುಕೊಂಡೆ. ಅವರು ಪುಸ್ತಕ ಕೊಡಲಿಲ್ಲ. ಫೋನ್ ತೆಗೆದು ಒಂದು ವಿಡಿಯೋ ಹಾಕಿದರು. ಕೆರೆಯ ಚಿತ್ರ, ಅದರ ಮೇಲೆ ನನ್ನ ದನಿ.

“ಈ ದನಿ ನಿಂದೇನಮ್ಮ?” ಎಂದರು.

ಹರೀಶಣ್ಣ ನನಗಿಂತ ಮುಂಚೆ ಬಾಯಿ ಹಾಕಿದ. ಅವನಿಗೆ ಬೇರೆ ಭಯ. ನಮ್ಮ ಅಂಗಡಿಯಲ್ಲಿ ದಿನಾ ಪುಸ್ತಕಕ್ಕೆ ಪುಸ್ತಕವನ್ನೇ ಜೆರಾಕ್ಸ್ ಮಾಡಿ ಸ್ಪೈರಲ್ ಹಾಕಿ ಕೊಡುತ್ತೇವೆ. “ಎಲ್ಲಾ ಹೆಣ್ಮಕ್ಳ ದನಿನೂ ಫೋನ್‌ನಾಗೆ ಒಂದೇ ತರ ಕೇಳ್ತೈತೆ ಸರ್, ಯಾರ್ದೋ ಏನೋ. ಟೀ ಕುಡೀರಿ” ಎಂದ.

“ನಂದೇ ಸರ್” ಅಂದೆ. “ಹದಿಮೂರನೇ ಭಾಗದಾಗೆ ಹರೀಶಣ್ಣ ಟೋನರ್ ಎಲ್ಲೈತೆ ಅಂತ ಕೂಗಿರೋದೂ ಐತೆ. ಊಟದ ಹೊತ್ನಾಗೆ ಇಲ್ಲೇ ಕುಂತು ಓದಿದ್ದು.”

“ಲೇ, ನಾನೂ ಬಂದಿದೀನಾ ಅದ್ರಾಗೆ?” ಹರೀಶಣ್ಣನಿಗೆ ಅರ್ಧ ಗಾಬರಿ, ಅರ್ಧ ಖುಷಿ.

ಅವರೇ ಹನುಮಂತರಾಜು ಮೇಷ್ಟ್ರು, ಹೊಳಲ್ಕೆರೆಯವರು. ಪುಸ್ತಕ ಬರೆದವರು. ಅದಕ್ಕಾಗಿ ಹನ್ನೊಂದು ವರ್ಷ ರಜೆ ಬಂದಾಗಲೆಲ್ಲ ಬಸ್ಸು ಹಿಡಿದು, ಬಸ್ಸಿಲ್ಲದ ಕಡೆ ನಡೆದು ಕೆರೆ ಏರಿಗಳ ಮೇಲೆ ಅಲೆದವರು. ಸಿಟ್ಟು ಮಾಡಲಿಲ್ಲ. ಹರಿಯಬ್ಬೆಯಲ್ಲಿ ವಿಚಾರಿಸಿ ಅಂಗಡಿ ಹುಡುಕಿಕೊಂಡು ಯಾಕೆ ಬಂದೆ ಎಂದಷ್ಟೇ ಹೇಳಿದರು. ಪುಸ್ತಕದ ಎರಡನೇ ಭಾಗದ ಕೆಲಸಕ್ಕೆ ಬಾಗೂರಿಗೆ ಹೋಗಿದ್ದರಂತೆ. ಅಲ್ಲಿ ಕಾಟಲಿಂಗಪ್ಪ ಎಂಬ ಅಜ್ಜನನ್ನು ಕೆರೆ ತೂಬಿನ ಬಗ್ಗೆ ಕೇಳಿದ್ದಾರೆ. ಅಜ್ಜ, “ನನ್ನೇನು ಕೇಳ್ತೀರಿ? ಹರಿಯಬ್ಬೆ ರೋಜಾ ಅನ್ನೋ ಹುಡುಗಿ ಎಲ್ಲಾ ಬರ್ದು ಫೋನ್‌ನಾಗೆ ಹೇಳವ್ಳೆ. ಅವಳ್ನ ಕೇಳ್ರಿ, ಭಾರಿ ತಿಳ್ಕಂಡವ್ಳೆ” ಎಂದನಂತೆ. ಆ ಅಜ್ಜನ ತಮ್ಮನ ಹತ್ತಿರವೇ ಕೂತು ಆ ಮಾತುಗಳನ್ನೆಲ್ಲ ಬರೆದುಕೊಂಡಿದ್ದು ಮೇಷ್ಟ್ರು, ಏಳು ವರ್ಷದ ಹಿಂದೆ.

ಅವರು ಇದನ್ನು ಹೇಳುತ್ತ ನಕ್ಕರು. ನನಗೆ ನಗು ಬರಲಿಲ್ಲ.

ತಪ್ಪು ಎಲ್ಲಾಯಿತು ಎಂದು ನಿನಗೆ ಗೊತ್ತು. ಪ್ರತಿ ಭಾಗದ ಕೊನೆಗೆ ‘ಓದಿದವರು ಹರಿಯಬ್ಬೆ ರೋಜಾ’ ಎಂದಿದ್ದೇನೆ. ಬರೆದವರ ಹೆಸರು ಎಲ್ಲೂ ಹೇಳಿಲ್ಲ. ನಮ್ಮೂರಲ್ಲಿ ಶ್ರಾವಣದಲ್ಲಿ ಪುರಾಣ ಓದಿಸಿ, ಮುಗಿದ ದಿನ ಓದಿದವರಿಗೆ ಟವೆಲ್ ಹೊದಿಸಿ ಮೈಕಿನಲ್ಲಿ ಅವರ ಹೆಸರು ಕೂಗುತ್ತಾರಲ್ಲ. ಬರೆದವರು ಯಾರು ಅಂತ ಯಾರೂ ಕೇಳಿದ್ದಿಲ್ಲ. ಅದೇ ನನ್ನ ಬಾಯಿಗೆ ಬಂತು. ನಿನಗೆ ಮೇಷ್ಟ್ರ ಹೆಸರು ಮೊದಲೇ ಗೊತ್ತಿತ್ತಾದ್ದರಿಂದ ನಮ್ಮಿಬ್ಬರ ನಡುವೆ ಅದು ತಪ್ಪೂ ಆಗಿರಲಿಲ್ಲ. ನೀನು ಚಾನೆಲ್ ಮಾಡಿ ಯೂಟ್ಯೂಬ್‌ಗೆ ಹಾಕಿದಾಗ ಆಯಿತು.

“ಯಾರಿಗೆ ಕೊಟ್ಟಿದ್ದೆಮ್ಮ ಇದನ್ನ?” ಎಂದು ಕೇಳಿದರು. ಹರೀಶಣ್ಣ ಮೇಷ್ಟ್ರ ಬೆನ್ನ ಹಿಂದೆ ನಿಂತು ಬೇಡ ಬೇಡ ಎಂದು ಕೈ ಆಡಿಸುತ್ತಿದ್ದ. ನಾನು ನಿನ್ನ ಹೆಸರು ಹೇಳಿದೆ, ನಂಬರೂ ಬರೆದುಕೊಟ್ಟೆ. ಅವರು ಹೋದ ಮೇಲೆ ಹರೀಶಣ್ಣ ಅಂದದ್ದು: “ಸತ್ಯವಂತೆ. ನಿನ್ ಸತ್ಯಕ್ಕೆ ಕಣ್ ಕಾಣ್ದಿರೋ ಹುಡ್ಗಿನೇ ಬೇಕಾಗಿತ್ತಾ?” ಆ ಮಾತು ಇನ್ನೂ ಕಿವಿಯಲ್ಲಿದೆ.

ಸಂಜೆ ಅವರ ಮಗಳು ಅನುಪಮಾ ಮೇಡಂ ನಿನಗೆ ಫೋನ್ ಮಾಡಿದರು. ವಕೀಲರು ಎಂದ ತಕ್ಷಣ ನೀನು ಹೆದರಿ ಚಾನೆಲ್ ಅಳಿಸಿದೆ, ನಿನ್ನ ಫೋನಿನಲ್ಲಿದ್ದ ಮೂವತ್ತೊಂದು ಭಾಗವನ್ನೂ ಅಳಿಸಿದೆ, ನಿನ್ನ ರೂಮ್‌ಮೇಟ್ ಹೇಳಿದಳು. ಸೆಮಿನಾರ್‌ಗೆ ಹತ್ತು ದಿನ ಉಳಿದಿದೆ, ನಿನ್ನ ಹತ್ತಿರ ಈಗ ಒಂದು ಸಾಲೂ ಇಲ್ಲ. ನನಗೆ ತಡೆಯಲಾಗದ್ದು ಇದೇ.

ಅದಕ್ಕೇ ಶುಕ್ರವಾರ ರಜೆ ಹಾಕಿ ಚಿತ್ರದುರ್ಗಕ್ಕೆ ಬಂದೆ. ಮೊದಲು ನಿನ್ನ ಹಾಸ್ಟೆಲಿಗೆ. ಗೇಟಿನಲ್ಲಿ “ಸ್ವಾತಿ ಮಲಗಿದಾಳೆ” ಎಂದರು. ಹಗಲು ಹನ್ನೊಂದಕ್ಕೆ ನೀನು ಮಲಗುವವಳಲ್ಲ. ನಾನು ಸುಮ್ಮನೆ ಅಲ್ಲಿಂದ ಮೇಡಂ ಆಫೀಸಿಗೆ ಹೋದೆ. ಕೋರ್ಟಿನ ಹಿಂದಿನ ಬೀದಿಯಲ್ಲಿ ಮಹಡಿ ಮೇಲೊಂದು ರೂಮು. ಮೇಷ್ಟ್ರೂ ಅಲ್ಲೇ ಇದ್ದರು.

ನಾನು ಜಗಳಕ್ಕೇ ಸಿದ್ಧವಾಗಿ ಹೋಗಿದ್ದೆ. ಮೇಡಂ ಮೊದಲ ಮಾತಿಗೇ ಅದನ್ನು ಕಿತ್ತುಕೊಂಡರು. “ನೀನು ಸ್ವಾತಿಗೆ ಓದಿ ಕೊಟ್ಟಿದ್ದು ತಪ್ಪೇ ಅಲ್ಲ ಕಣಮ್ಮ. ಕಣ್ಣು ಕಾಣದೋರಿಗೆ ಪುಸ್ತಕನ ಕೇಳೋ ಹಂಗೆ ಮಾಡ್ಕೊಡೋಕೆ ಕಾನೂನಿನಾಗೆ ಜಾಗ ಐತೆ. ಅಪ್ಪನ ಒಪ್ಪಿಗೆನೂ ಬೇಕಿಲ್ಲ. ಲಾಭ ಮಾಡಂಗಿಲ್ಲ, ಅವರ ಕೈ ದಾಟಿ ಊರೆಲ್ಲಾ ಹೋಗ್ದಂಗೆ ನೋಡ್ಕಬೇಕು, ಅಷ್ಟೆ. ಆ ಹುಡುಗಿ ತನ್ ಹತ್ರ ಇದ್ದದ್ನೂ ಯಾಕೆ ಅಳಿಸ್ಬಿಟ್ಲು? ನಾನು ಕೇಳಿದ್ದು ಚಾನೆಲ್ ಬಗ್ಗೆ.”

ನೀನು ಚಾನೆಲ್ ಮಾಡಿದ್ದು ನಿನ್ನಂಥ ಬೇರೆ ಹುಡುಗಿಯರಿಗಾಗಿ ಎಂದೆ. ಹಾಗಿದ್ದರೆ ಅವರಿಗಷ್ಟೇ ಕಳಿಸಬಹುದಿತ್ತು, ಬೀದಿ ಬಾಗಿಲು ತೆಗೆದಿಟ್ಟದ್ದು ತೊಂದರೆಯಾಯಿತು ಎಂದರು.

ನನಗೆ ಸುಮ್ಮನಿರಲಾಗಲಿಲ್ಲ. “ಹಂಗಾದ್ರೆ ಕಾಟಲಿಂಗಪ್ಪಜ್ಜ? ಅವರಿಗೆ ಕಣ್ಣೈತೆ, ಅಕ್ಷರ ಇಲ್ಲ. ಅವರೂರಿನ ಕೆರೆ ಕಥೆ ಅವರು ಕೇಳಂಗಿಲ್ವಾ?”

ಮೇಡಂ ಅಪ್ಪನ ಕಡೆ ನೋಡಿದರು. ಮೇಷ್ಟ್ರು ನಿಧಾನಕ್ಕೆ ಹೇಳಿದರು: “ಕೆರೆ ನಂದಲ್ಲಮ್ಮ. ಯಾರು ಕಟ್ಟಿಸಿದ್ರು, ಯಾವಾಗ ಒಡೀತು, ಅದೂ ನಂದಲ್ಲ. ಯಾರು ಬೇಕಾದ್ರೂ ಹೇಳ್ಲಿ, ಬರೀಲಿ, ನನಗಿಂತ ಚೆನ್ನಾಗೇ ಬರೀಲಿ. ಆದ್ರೆ ನಾನು ಜೋಡಿಸಿದ ಮಾತು ನಂದು. ಮೊದಲ್ನೇದು ಖರ್ಚಾದ್ರೆ ಎರಡನೇದು ಅಚ್ಚು ಹಾಕ್ತೀನಿ ಅಂದವ್ನೆ ಪ್ರೆಸ್ಸಿನವನು. ಫೋನ್‌ನಾಗೆ ಪೂರ್ತಿ ಕೇಳಿದೋರು ಕೊಳ್ತಾರಾ?”

“ಕೇಳಿ ಇಷ್ಟ ಆದೋರು ಕೊಳ್ಳಬೌದು ಸರ್.”

“ಕೊಳ್ಳಬೌದು. ಕೊಳ್ಳದೆನೂ ಇರಬೌದು. ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.”

ಅದು ನಿಜವಾಗಿತ್ತು. ಆಮೇಲೆ, ಎಷ್ಟು ದಿನ ಅದು ಅವರದೇ ಆಗಿರುತ್ತದೆ ಎಂದು ಕೇಳಿದೆ. “ಅಪ್ಪ ಇರೋ ತನಕ, ಆಮೇಲೆ ಅರವತ್ತು ವರ್ಷ. ಅದಾದ್ಮೇಲೆ ಎಲ್ಲಾರ್ದೂ” ಎಂದರು ಮೇಡಂ.

“ಅಷ್ಟೊತ್ತಿಗೆ ಕಾಟಲಿಂಗಪ್ಪಜ್ಜ ಇರಲ್ಲ” ಎಂದೆ.

“ನಾನೂ ಇರಲ್ಲ ಬಿಡಮ್ಮ” ಎಂದರು ಮೇಷ್ಟ್ರು. ಮೂವರೂ ನಕ್ಕೆವು.

ಕೊನೆಗೆ ಮೇಷ್ಟ್ರೇ ದಾರಿ ಹೇಳಿದರು. ಬಾಗೂರು ಮತ್ತು ಭೀಮಸಮುದ್ರದ ಅಧ್ಯಾಯಗಳನ್ನು ಎಲ್ಲರಿಗೂ ಕೇಳುವಂತೆ ಹಾಕಲು ಅವರ ಒಪ್ಪಿಗೆ ಇದೆ, ಶುರುವಿಗೇ ಅವರ ಹೆಸರು ಹೇಳಬೇಕು. ಮಿಕ್ಕದ್ದು ನಿನಗೂ ನಿನ್ನಂಥವರಿಗೂ ಮಾತ್ರ. ಎರಡನೇ ಭಾಗ ಬಂದ ಮೇಲೆ ಉಳಿದದ್ದನ್ನು ಯೋಚಿಸೋಣ ಎಂದರು. ಫೋನಿಗೆ ಪುಟ ತೋರಿಸಿದರೆ ಅದೇ ಓದುತ್ತದಲ್ಲ ಸರ್, ನಾನ್ಯಾಕೆ ಎಂದು ಕೇಳಿದ್ದಕ್ಕೆ, “ಅದು ಮೂವತ್ತು ಊರಿನ ಹೆಸರು ತಪ್ಪು ಓದ್ತೈತೆ. ಎರಡನೇ ಭಾಗನೂ ನೀನೇ ಓದು” ಎಂದರು. ಓದು ಬಿಟ್ಟು ಎರಡು ವರ್ಷದಲ್ಲಿ ಮೂರು ಅಂಗಡಿ ಬದಲಾಯಿಸಿದವಳಿಗೆ ಮೊದಲ ಸಲ ಒಬ್ಬರು ಕೆಲಸ ತಾವಾಗಿ ಕೊಟ್ಟರು ಸ್ವಾತಿ.

ಅಂಗಡಿ ಕಂಪ್ಯೂಟರಿನಲ್ಲಿ ನನ್ನ ರೆಕಾರ್ಡಿಂಗ್‌ಗಳು ಉಳಿದಿದ್ದವು. ಮೂವತ್ತೊಂದಕ್ಕೂ ‘ಬರೆದವರು ಹೊಳಲ್ಕೆರೆಯ ಹನುಮಂತರಾಜು’ ಎಂದು ಶುರುವಿನಲ್ಲಿ ಸೇರಿಸಿ ಪೆನ್‌ಡ್ರೈವ್‌ಗೆ ಹಾಕಿದ್ದೇನೆ. ನಾಳೆ ಹಾಸ್ಟೆಲಿನ ಗೇಟಿನಲ್ಲಿ ಕೊಟ್ಟು ಹೋಗುತ್ತೇನೆ. ಮಲಗಿದ್ದರೂ ಪರವಾಗಿಲ್ಲ. ಅವು ನಿನ್ನವು, ಯಾರಿಗೂ ಹೆದರಬೇಡ. ಇದನ್ನು ಮೇಡಂ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಟ್ಟಿದ್ದಾರೆ, ಅದೂ ಜೊತೆಗಿದೆ.

ಊಟ ಬಿಡಬೇಡ. ನಿನ್ನ ಸೆಮಿನಾರ್ ಚೆನ್ನಾಗಿ ಆಗಲಿ, ಮಾತಾಡುವಾಗ ನೀರು ಹತ್ತಿರ ಇಟ್ಟುಕೋ. ನೀನು ಮೇಷ್ಟ್ರಿಗಿಂತ ದೊಡ್ಡ ಪುಸ್ತಕ ಬರೆಯುವಂತಾಗಲಿ.

ನಿನ್ನ,
ರೋಜಾ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿಸಿದ್ದು. ನೀನು ಚಾನೆಲ್ ಮಾಡಿದ್ದು ನನಗೆ ಮೇಷ್ಟ್ರು ಬಂದ ದಿನ ಗೊತ್ತಾದದ್ದಲ್ಲ. ಸೆಪ್ಟೆಂಬರಿನಲ್ಲೇ ಗೊತ್ತಿತ್ತು. ಪ್ರಿಂಟ್ ತೆಗೆಸಲು ಬಂದ ಹುಡುಗಿಯೊಬ್ಬಳು ಅದನ್ನು ಕೇಳುತ್ತಿದ್ದಳು. ಮನೆಗೆ ಹೋಗಿ ಎಲ್ಲ ನೋಡಿದೆ. ನಾಲ್ಕನೇ ಭಾಗದ ಕೆಳಗೆ ಒಬ್ಬರು, ‘ರೋಜಾ ಮೇಡಂ, ಎಷ್ಟು ಹುಡುಕಿ ಬರೆದಿದ್ದೀರಿ, ಯಾವ ಕಾಲೇಜಿನಲ್ಲಿ ಪಾಠ ಮಾಡುತ್ತೀರಿ?’ ಎಂದು ಬರೆದಿದ್ದರು. ಪಿಯುಸಿ ಅರ್ಧಕ್ಕೆ ಬಿಟ್ಟವಳನ್ನು ಯಾರೂ ಹಾಗೆ ಕೇಳಿದ್ದಿಲ್ಲ. ನಾನು ಬರೆದಿಲ್ಲ ಎನ್ನಲು ಒಂದೇ ಸಾಲು ಸಾಕಿತ್ತು. ಕೈ ಮುಗಿಯುವ ಚಿತ್ರವೊಂದನ್ನು ಹಾಕಿ ಸುಮ್ಮನಾದೆ. ದಿನಾ ನೋಡುತ್ತಿದ್ದೆ. ನಿನಗೂ ಹೇಳಲಿಲ್ಲ, ಹೇಳಿದರೆ ನೀನು ಸರಿಪಡಿಸುತ್ತೀಯ ಎಂದು. ಅವತ್ತೇ ಹೇಳಿದ್ದರೆ ನಿನಗೆ ವಕೀಲರ ಫೋನು ಬರುತ್ತಿರಲಿಲ್ಲ. ಮೇಷ್ಟ್ರು ಕೇಳಿದ್ದು ಯಾರಿಗೆ ಕೊಟ್ಟೆ ಎಂದು ಮಾತ್ರ. ಚಾನೆಲ್ ಇರುವುದು ನನಗೆ ಗೊತ್ತಿತ್ತಾ ಎಂದು ಕೇಳಲಿಲ್ಲ. ಕೇಳದ್ದಕ್ಕೆ ಉತ್ತರ ಕೊಡಬೇಕಿಲ್ಲ ಎಂದುಕೊಂಡು ನಿನ್ನ ಹೆಸರು ಹೇಳಿದೆ, ನನ್ನದನ್ನು ಬಿಟ್ಟೆ. ಚಾನೆಲ್ ಜೊತೆ ಆ ಕೈ ಮುಗಿದ ಚಿತ್ರವೂ ಅಳಿಸಿಹೋಗಿದೆ, ನಾನು ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ನಾಳೆ ಪೆನ್‌ಡ್ರೈವ್ ಕೊಟ್ಟು, ಮೇಷ್ಟ್ರಿಗೂ ಇದನ್ನು ಹೇಳಲು ಅಲ್ಲಿಂದ ಹೊಳಲ್ಕೆರೆ ಬಸ್ಸು ಹತ್ತುತ್ತೇನೆ. ಎರಡನೇ ಭಾಗವನ್ನು ಬೇರೆ ಯಾರಿಂದಾದರೂ ಓದಿಸುತ್ತೇನೆ ಎಂದರೆ ಮೇಷ್ಟ್ರದು ತಪ್ಪಿಲ್ಲ. ನಿನಗೆ ಮೊದಲು ಹೇಳಬೇಕಿತ್ತು, ಹೇಳಿದೆ.